ಬಲೆನೊ ಆರ್‌ಎಸ್: ಎಂಟು ವರ್ಷ, 193 ಸಲ ಫುಲ್ ಟ್ಯಾಂಕ್, ಒಂದು ಹಳೆಯ ಡೈರಿ

ನನ್ನ ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ 2017ರ ಒಂದು ಡೈರಿ ಇದೆ. ಊರಿನ ಸೊಸೈಟಿಯವರು ಅಪ್ಪನಿಗೆ ಕೊಟ್ಟದ್ದು. ಅಪ್ಪ ಮೊದಲ ಎರಡು ಪುಟದಲ್ಲಿ ಅಡಿಕೆ ಲೆಕ್ಕ ಬರೆದು ಸುಮ್ನೆ ಬಿಟ್ಟಿದ್ದರು. ಮೂರನೇ ಪುಟದಿಂದ ನನ್ನ ಪೆಟ್ರೋಲ್ ಲೆಕ್ಕ ಶುರು. ತಾರೀಕು, ಕಿಲೋಮೀಟರ್, ಲೀಟರ್, ರೂಪಾಯಿ. ಆಗಾಗ ಪಕ್ಕದಲ್ಲಿ ಒಂದು ಮಾತು: 'ಮಳೆ', 'ನಾಲ್ಕು ಜನ', 'ಸಿಲ್ಕ್ ಬೋರ್ಡ್, ಬೇಡವೇ ಬೇಡ'.

ಕಾರು ಮಾರುತಿ ಸುಜುಕಿ ಬಲೆನೊ ಆರ್‌ಎಸ್. 2017ರ ಮಾರ್ಚ್‌ನಲ್ಲಿ ಬಂತು, ನಾನು ಮೇ ತಿಂಗಳಲ್ಲಿ ತೆಗೆದುಕೊಂಡೆ. ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ, 2020ರಲ್ಲಿ, ಕಂಪನಿ ಇದನ್ನು ನಿಲ್ಲಿಸಿತು. ಹೊರಗಿನಿಂದ ನೋಡಿದರೆ ಬೀದಿಯಲ್ಲಿ ಹತ್ತಕ್ಕೊಂದು ಕಾಣುವ ಬಲೆನೊನೇ. ಒಳಗೆ ಮಾತ್ರ 998 ಸಿಸಿಯ, ಮೂರು ಸಿಲಿಂಡರಿನ, ಟರ್ಬೊ (ಎಂಜಿನ್ನಿಗೆ ಜಾಸ್ತಿ ಗಾಳಿ ಒತ್ತಿ ಕೊಡುವ ಪಂಪು) ಇರುವ ಬೂಸ್ಟರ್‌ಜೆಟ್ ಎಂಜಿನ್. 102 ಪಿಎಸ್ ಶಕ್ತಿ, 150 ಎನ್‌ಎಂ ಟಾರ್ಕ್, ಐದು ಗೇರ್, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್. ತೂಕ 950 ಕೆಜಿ ಅಷ್ಟೇ. ಕಾಗದದ ಮೇಲೆ ಇವು ದೊಡ್ಡ ಅಂಕಿಗಳಲ್ಲ. ಆದರೆ ಇಷ್ಟು ಹಗುರ ಗಾಡಿಗೆ ಇಷ್ಟು ಟಾರ್ಕ್ ಸಿಕ್ಕರೆ ಏನಾಗುತ್ತದೆ ಅಂತ ಮೂರನೇ ಗೇರಿನಲ್ಲಿ ಒಮ್ಮೆ ಕಾಲು ಒತ್ತಿ ನೋಡಿದವರಿಗೆ ಗೊತ್ತು.

ಪಿಕಪ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ವಿಷಯ ಮೈಲೇಜ್.

ಕಾರುಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಲೆಕ್ಕದಲ್ಲಿ ಇದಕ್ಕೆ ಲೀಟರಿಗೆ 21.1 ಕಿಲೋಮೀಟರ್. ಮಾಮೂಲಿ 1.2 ಲೀಟರ್ ಬಲೆನೊಗೆ 21.4. ಶೋರೂಮಿನಲ್ಲಿ ಈ ಎರಡು ಅಂಕಿ ಪಕ್ಕ ಪಕ್ಕ ನೋಡಿದಾಗ ನನಗೆ ಖುಷಿಯೋ ಖುಷಿ. ಬರೀ 0.3 ವ್ಯತ್ಯಾಸಕ್ಕೆ ಟರ್ಬೊ ಸಿಗುತ್ತದೆ ಅಂದರೆ ಯಾರು ಬಿಡುತ್ತಾರೆ? ಆ ಅಂಕಿ ಹೇಗೆ ಬರುತ್ತದೆ ಅಂತ ಆಗ ನನಗೆ ತಿಳಿದಿರಲಿಲ್ಲ. ಕಾರನ್ನು ಲ್ಯಾಬಿನೊಳಗೆ ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಎಸಿ ಆಫ್. ವೇಗ 90 ದಾಟುವುದಿಲ್ಲ. ವೇಗ ಏರಿಸುವುದೂ ಅಜ್ಜನನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗುವ ಹಾಗೆ, ನಿಧಾನಕ್ಕೆ. ಅಷ್ಟು ಮೆಲ್ಲಗೆ ಓಡಿಸಿದರೆ ಟರ್ಬೊಗೆ ಕೆಲಸವೇ ಇಲ್ಲ. ಒಂದು ಲೀಟರಿನ ಸಣ್ಣ ಎಂಜಿನ್ ಸಣ್ಣ ಎಂಜಿನ್ನಿನಷ್ಟೇ ಕುಡಿಯುತ್ತದೆ. ಹಾಗಾಗಿ ಆ ಅಂಕಿ ಸುಳ್ಳಲ್ಲ. ಅದು ಬೇರೆ ಯಾರೋ ಓಡಿಸಿದ ಅಂಕಿ, ಅಷ್ಟೇ.

ನನ್ನ ಅಂಕಿ ಹೀಗಿದೆ. ಇವತ್ತಿಗೆ 86,214 ಕಿಲೋಮೀಟರ್, 5,905 ಲೀಟರ್. ಸರಾಸರಿ 14.6.

ಈ 14.6 ಅನ್ನುವುದು ನಾನು ಹೆಚ್ಚುಕಮ್ಮಿ ಯಾವತ್ತೂ ಕಣ್ಣಾರೆ ನೋಡದ ಸಂಖ್ಯೆ ಅನ್ನುವುದು ಬೇರೆ ಮಾತು. ಡೈರಿಯಲ್ಲಿ 10, 11 ಇವೆ. 18, 19 ಇವೆ. ನಡುವಿನವು ಕಡಿಮೆ. ಪ್ರತಿ ಹಬ್ಬಕ್ಕೂ ಊರಿಗೆ ಹೋದಾಗ ಭಾವ ಕೇಳುವ ಮೊದಲ ಪ್ರಶ್ನೆ, "ಈಗ ಎಷ್ಟು ಕೊಡ್ತದೆ ಮಾರಾಯ?" ಎಂಟು ವರ್ಷದಿಂದ ಈ ಪ್ರಶ್ನೆಗೆ ನನ್ನ ಬಳಿ ಒಂದೇ ಉತ್ತರ ಇದ್ದದ್ದಿಲ್ಲ.

ಮೊದಲು ಕೆಟ್ಟದ್ದನ್ನೇ ಹೇಳಿಬಿಡುತ್ತೇನೆ. ಮನೆ ರಾಜಾಜಿನಗರ, ಆಫೀಸು ಬೆಳ್ಳಂದೂರು. ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ದೇವರು ಕೊಟ್ಟಷ್ಟು. ಇದರಲ್ಲಿ 10ರಿಂದ 11 ಬರುತ್ತದೆ. ನಿಂತಲ್ಲೇ ನಿಂತರೆ ಯಾವ ಕಾರಾದರೂ ಕೊಡುವ ಮೈಲೇಜ್ ಸೊನ್ನೆ. ಎಸಿ ಹಾಕಿಕೊಂಡು ನಿಂತ ಸಣ್ಣ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಸುಡುತ್ತದೆ. ಅದರ ಮೇಲೆ ಟರ್ಬೊ ಎಂಜಿನ್ನಿನ ಒಂದು ಸ್ವಭಾವ ಸೇರಿಕೊಳ್ಳುತ್ತದೆ. 1,700 ಆರ್‌ಪಿಎಂ ಕೆಳಗೆ ಇದಕ್ಕೆ ಉಸಿರಿಲ್ಲ. ಮುಂದಿನ ಆಟೊ ಎರಡು ಅಡಿ ಸರಿಯಿತು ಅಂತ ಸ್ವಲ್ಪ ಒತ್ತುತ್ತೀರಿ, ಏನೂ ಆಗುವುದಿಲ್ಲ. ಇನ್ನೂ ಸ್ವಲ್ಪ ಒತ್ತುತ್ತೀರಿ. ಅಷ್ಟರಲ್ಲಿ ಟರ್ಬೊದ ಬೂಸ್ಟ್ ಬಂದು ಕಾರು ನೆಗೆಯುತ್ತದೆ, ತಕ್ಷಣ ಬ್ರೇಕ್. ಹೀಗೆ ಹಾಕಿದ ಪೆಟ್ರೋಲ್ ಎಲ್ಲ ಬ್ರೇಕ್ ಬಿಸಿ ಮಾಡಲು ಹೋಯಿತು. ಮೊದಲ ವರ್ಷ ನಾನು ಹೀಗೇ ಓಡಿಸಿದೆ. ಒಂದು ಟ್ಯಾಂಕ್ 9.2 ಬಂದಿತ್ತು. ಆಮೇಲೆ ಎರಡನೇ ಗೇರಿನಲ್ಲೇ ತೆವಳುವುದು, ಮುಂದೆ ಜಾಗ ಬಿಟ್ಟುಕೊಳ್ಳುವುದು ಕಲಿತೆ. ಆ ಜಾಗಕ್ಕೆ ಸ್ಕೂಟರಿನವರು ಬಂದು ಸೇರಿಕೊಳ್ಳುತ್ತಾರೆ, ಬರಲಿ. ಇಷ್ಟರಲ್ಲೇ ಒಂದೂವರೆ ಕಿಲೋಮೀಟರ್ ಹೆಚ್ಚಿತು.

ಅದಕ್ಕಿಂತ ಕೆಟ್ಟದ್ದು 2020ರ ಲಾಕ್‌ಡೌನ್ ದಿನಗಳದ್ದು. ಹಾಲು, ತರಕಾರಿ, ಔಷಧಿ ಅಂತ ಎರಡು ಎರಡು ಕಿಲೋಮೀಟರ್ ಓಡಾಟ. ರಸ್ತೆ ಖಾಲಿ, ಸಿಗ್ನಲ್ ಇಲ್ಲ. ಮೈಲೇಜ್ 8.9! ಎಂಜಿನ್ ಬಿಸಿಯಾಗುವ ಮೊದಲೇ ಮನೆ ಬಂದಿರುತ್ತಿತ್ತು. ತಣ್ಣಗಿರುವ ಎಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಬೇಕು. ಟ್ರಾಫಿಕ್ಕೇ ಕಳ್ಳ ಅಂತ ನಂಬಿಕೊಂಡಿದ್ದ ನನಗೆ ಇದು ಹೊಸ ಪಾಠ.

ಈಗ ಊರಿನ ದಾರಿ. ಬೆಂಗಳೂರಿನಿಂದ ಪುತ್ತೂರಿಗೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಇಳಿದು ಉಪ್ಪಿನಂಗಡಿ. ಹಾಸನದವರೆಗೆ ನಾಲ್ಕು ಪಥದ ನುಣ್ಣನೆ ರಸ್ತೆ. ಇಲ್ಲಿ ಈ ಕಾರಿನ ನಿಜವಾದ ಬುದ್ಧಿ ಕಾಣುತ್ತದೆ. 80ರಿಂದ 90ರಲ್ಲಿ ಹೋದರೆ 19ರಿಂದ 20. ಅಂದರೆ ಲ್ಯಾಬಿನ ಅಂಕಿಯ ಹತ್ತಿರ ಹತ್ತಿರ, ಅದೂ ಎಸಿ ಹಾಕಿಕೊಂಡು. 100ಕ್ಕೆ ಏರಿಸಿ, 17. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಶಾಲೆಯಲ್ಲಿ ಓದಿದ್ದು ಡೈರಿಯಲ್ಲಿ ಹಾಗೇ ಕಾಣುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಜಾಸ್ತಿ, ಗಾಳಿ ತಳ್ಳುವುದು ಒಂದೂವರೆ ಪಟ್ಟು. ಮೊದಮೊದಲು, ಹೊಸ ಕಾರಿನ ಹುಚ್ಚಿನಲ್ಲಿ, ಇನ್ನೂ ಜೋರಾಗಿ ಹೋದ ದಿನಗಳೂ ಇವೆ. ಅಂಥ ಒಂದು ಟ್ಯಾಂಕ್ 13.8 ಅಂತ ಬರೆದಿದೆ. ಪಕ್ಕದಲ್ಲಿ 'ಅಪ್ಪನಿಗೆ ಹೇಳಬಾರದು' ಅಂತಲೂ ಇದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಈಗ ಕ್ಯಾಮೆರಾ ಹಾಕಿ 100ರ ಮಿತಿ ಬಿಗಿ ಮಾಡಿದ ಮೇಲೆ ಎಷ್ಟೋ ಕಾರುಗಳ ಮೈಲೇಜ್ ತಾನಾಗಿಯೇ ಸುಧಾರಿಸಿರಬೇಕು.

ಘಾಟಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಇದನ್ನೇ ಬೈಯುತ್ತಾರೆ. ಶಿರಾಡಿ ಘಾಟಿಯ ಬುಡದ ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ ನೋಡಿದ್ದೇನೆ. 9.5ರಿಂದ 10 ತೋರಿಸುತ್ತದೆ. ಗ್ಯಾಸ್ ಟ್ಯಾಂಕರ್‌ಗಳ ಸಾಲಿನ ಹಿಂದೆ ಸಿಕ್ಕಿಬಿದ್ದರೆ ಇನ್ನೂ ಕಡಿಮೆ. ಭಾವ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಒಂದು ಸಲ ಚಾ ಕುಡಿಯುತ್ತಾ ಪೇಪರಿನ ಅಂಚಿನಲ್ಲೇ ಲೆಕ್ಕ ಮಾಡಿದರು. ಕಾರು, ನಾವಿಬ್ಬರು, ಸಾಮಾನು ಸೇರಿ 1,150 ಕೆಜಿ. ಏರಬೇಕಾದ್ದು ಸುಮಾರು 800 ಮೀಟರ್. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಸಿಗುವುದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಒಟ್ಟು ಉತ್ತರ: ಬರೀ ಎತ್ತರಕ್ಕೆ ಒಂದು ಲೀಟರ್. ಅಷ್ಟೇ! ಮುನ್ನೂರು ಕಿಲೋಮೀಟರಿನ ದಾರಿಯಲ್ಲಿ ಒಂದು ಲೀಟರ್.

ಅದರಲ್ಲೂ ಒಂದಷ್ಟು ವಾಪಸ್ ಬರುತ್ತದೆ, ಇಳಿಯುವಾಗ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನಮ್ಮ ಕಡೆ ಇನ್ನೂ ಎಷ್ಟೋ ಜನ ಪೆಟ್ರೋಲ್ ಉಳಿಸುತ್ತೇವೆ ಅಂತ ನ್ಯೂಟ್ರಲ್ ಹಾಕಿ ಘಾಟಿ ಇಳಿಸುತ್ತಾರೆ. ಕಾರ್ಬ್ಯುರೇಟರ್ ಕಾಲದ ಅಭ್ಯಾಸ ಅದು. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಆಗಿ ಓಡಲೇಬೇಕು, ಪೆಟ್ರೋಲ್ ಸುಡಲೇಬೇಕು. ಮೇಲಿಂದ ಬ್ರೇಕ್ ಕಾದು ಹೊಗೆ ಬಂದರೆ ಶಿರಾಡಿಯ ತಿರುವಿನಲ್ಲಿ ಯಾರೂ ಕಾಪಾಡುವುದಿಲ್ಲ. ಹೋಗಿ ಬಂದ ಪೂರ್ತಿ ಲೆಕ್ಕ ಹಾಕಿದರೆ ನನ್ನ ಊರಿನ ಪ್ರಯಾಣಗಳು 17ರ ಮೇಲೇ ಇವೆ. ಘಾಟಿ ಸೇರಿ. ಘಾಟಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಹಾಸನದಿಂದ ಮಾರನಹಳ್ಳಿವರೆಗಿನ ನಾಲ್ಕು ಪಥದ ಕಾಮಗಾರಿ. ಡೈವರ್ಶನ್, ಗುಂಡಿ, ಮೊದಲ ಗೇರ್.

ಒಂದು ದೀಪಾವಳಿಗೆ ಭಾವನ ಮಾಮೂಲಿ 1.2 ಬಲೆನೊ, ನನ್ನ ಆರ್‌ಎಸ್ ಎರಡೂ ಬೆಂಗಳೂರಿನಿಂದ ಒಟ್ಟಿಗೆ ಹೊರಟವು. ಒಂದೇ ಬಂಕಿನಲ್ಲಿ ಫುಲ್ ಮಾಡಿಸಿ, ಹಿಂದೆ ಮುಂದೆ ಹೋಗಿ, ಪುತ್ತೂರಿನ ಒಂದೇ ಬಂಕಿನಲ್ಲಿ ಮತ್ತೆ ಫುಲ್. ಅವರದು 19.4, ನನ್ನದು 18.6. ನಾನು ಅವರ ಹಿಂದೆ ಇದ್ದೆ, ಅವರು 85 ದಾಟುವವರಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ಹಾಗಾದ್ರೆ ಕುಡಿಯುವುದು ಕಾರಲ್ಲ, ನೀನು" ಅಂದಳು. ತಪ್ಪಾದ ಅರ್ಥ ಬರುವ ಹಾಗೆ, ಅಪ್ಪನ ಎದುರಿಗೇ.

ನಿಜ ಹೇಳಬೇಕೆಂದರೆ ಅವಳು ಹೇಳಿದ್ದು ಸರಿ. ಟರ್ಬೊ ಸಣ್ಣ ಎಂಜಿನ್ನಿನಲ್ಲಿ ಎರಡು ಕಾರುಗಳಿವೆ. ಮೆಲ್ಲಗೆ ಒತ್ತಿದರೆ ಒಂದು ಲೀಟರಿನ ಕಾರು, ಜೋರಾಗಿ ಒತ್ತಿದರೆ ದೊಡ್ಡ ಎಂಜಿನ್ನಿನ ಕಾರು. ಯಾವುದನ್ನು ಓಡಿಸುತ್ತೀರೋ ಅದರ ಬಿಲ್ ಬರುತ್ತದೆ. ಮಾಮೂಲಿ ಎಂಜಿನ್ನಿನಲ್ಲೂ ಕಾಲಿನ ಪ್ರಭಾವ ಇದೆ, ಆದರೆ ಅಂತರ ಇಷ್ಟು ದೊಡ್ಡದಲ್ಲ.

ಭಾವನ ಒಟ್ಟು ಸರಾಸರಿ 16.5 ಅಂತ ಅವರೇ ಹೇಳುತ್ತಾರೆ. ಡೈರಿ ಇಟ್ಟಿಲ್ಲ, ಆದರೂ ಒಪ್ಪಿಕೊಳ್ಳೋಣ. ಅದೇ ಲೆಕ್ಕದಲ್ಲಿ ನನ್ನ 86 ಸಾವಿರ ಕಿಲೋಮೀಟರಿಗೆ ಸುಮಾರು 680 ಲೀಟರ್ ಉಳಿಯುತ್ತಿತ್ತು. ನಾನು ಕಾರು ತೆಗೆದುಕೊಂಡಾಗ ಪೆಟ್ರೋಲ್ ಎಪ್ಪತ್ತರ ಆಸುಪಾಸು ಇತ್ತು. 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ 102.86. ಸರಾಸರಿ ಹಿಡಿದರೆ ಎಂಟು ವರ್ಷಕ್ಕೆ ಅರವತ್ತು ಸಾವಿರ ಚಿಲ್ಲರೆ. ತಿಂಗಳಿಗೆ ಆರುನೂರು ರೂಪಾಯಿ ಚಿಲ್ಲರೆ. ಬೆಳಿಗ್ಗೆ ಆರಕ್ಕೆ ಖಾಲಿ ಇರುವ ಕುಣಿಗಲ್ ರಸ್ತೆಯಲ್ಲಿ ಲಾರಿ ದಾಟಿಸುವಾಗ ಸಿಗುವ ಸುಖಕ್ಕೆ ನನಗೆ ಇದು ಜಾಸ್ತಿ ಅನಿಸಿಲ್ಲ. ಕೊಳ್ಳುವಾಗಲೇ ಮೇಲೆ ಕೊಟ್ಟ ಒಂದೂವರೆ ಲಕ್ಷದ ಬಗ್ಗೆ ಮಾತ್ರ ಮನೆಯಲ್ಲಿ ಇನ್ನೂ ಚರ್ಚೆ ಇದೆ.

ಲೆಕ್ಕ ಇಡುವವರಿಗೆ ಒಂದೆರಡು ಮಾತು. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸರಾಸರಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ಸ್ವಲ್ಪ ಉದಾರಿ. ಫುಲ್‌ನಿಂದ ಫುಲ್‌ಗೆ ಅಳೆಯಿರಿ, ಪೆಟ್ರೋಲ್ ಪೈಪು ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಬಂಕಿನ ಹುಡುಗರು ರೌಂಡ್ ಫಿಗರ್ ಮಾಡಲು ಮತ್ತೆ ಮತ್ತೆ ಒತ್ತುತ್ತಾರೆ, ಬೇಡ ಅನ್ನಿ. ಒಂದು ಸಲ 37 ಲೀಟರಿನ ನನ್ನ ಟ್ಯಾಂಕಿಗೆ 38.4 ಲೀಟರ್ ಹಿಡಿಯಿತು. ಮೋಸ ಅಂತ ಜಗಳಕ್ಕೆ ನಿಂತಿದ್ದೆ. ಹೇಳಿದ ಅಳತೆಗಿಂತ ಟ್ಯಾಂಕ್ ಮತ್ತು ಕೊಳವೆಯಲ್ಲಿ ಜಾಸ್ತಿ ಜಾಗ ಇರುತ್ತದೆ ಅಂತ ಆಮೇಲೆ ತಿಳಿದು ನಾಚಿಕೆಯಾಯಿತು. ಅನುಮಾನ ಇದ್ದರೆ ಬಂಕಿನಲ್ಲಿ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು, ಕೇಳಿ ಅಳೆಸಿ.

ಟೈರಿನದೂ ಒಂದು ಕಥೆ. 46 ಸಾವಿರಕ್ಕೆ ನಾಲ್ಕೂ ಬದಲಾಯಿಸಿದೆ, ಅದೇ 195/55 ಆರ್16 ಸೈಜು. ಮೈಲೇಜ್ ತಟ್ಟನೆ ಇಳಿಯಿತು. ಗಾಬರಿಯಾಗಿ ಗಾಳಿ ನೋಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. ಮತ್ತೆ ಭಾವನೇ ಹೇಳಿಕೊಟ್ಟರು. ಸವೆದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ಅದು ಜಾಸ್ತಿ ಸುತ್ತುತ್ತದೆ, ಮೀಟರ್ ಹೋಗದ ದೂರವನ್ನೂ ಹೋದ ಹಾಗೆ ಬರೆಯುತ್ತದೆ. 6 ಮಿಲಿಮೀಟರ್ ಸವೆದರೆ ನೂರಕ್ಕೆ ಎರಡರಷ್ಟು. ಹಳೆಯ ಟೈರಿನ ಕೊನೆಯ ವರ್ಷ ನಾನು ಹೆಮ್ಮೆಪಟ್ಟ ಮೈಲೇಜಿನಲ್ಲಿ ಒಂದು ಪಾಲು ಬರೀ ಗಾಳಿಮಾತು.

ಈಗ ಎಲ್ಲರೂ ಕೇಳುವ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಮೊದಲಿನ ಹತ್ತು ಪಾಲಿನಿಂದ ಇಪ್ಪತ್ತಕ್ಕೆ ಹೋದರೆ ಮೈಲೇಜ್ ನೂರಕ್ಕೆ ಮೂರು ನಾಲ್ಕು ಇಳಿಯಬೇಕು. 2025ರ ನನ್ನ ಪುಟಗಳಲ್ಲಿ ನೂರಕ್ಕೆ ಐದು ಇಳಿದಿದೆ. ಆದರೆ ಅದೇ ವರ್ಷ ಆಫೀಸಿಗೆ ವಾರಕ್ಕೆ ಎರಡರ ಬದಲು ನಾಲ್ಕು ದಿನ ಬನ್ನಿ ಅಂದರು. ಅದರಲ್ಲಿ ಎಥೆನಾಲ್ ಎಷ್ಟು, ಬೆಳ್ಳಂದೂರು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. 95 ಆಕ್ಟೇನ್ ಪೆಟ್ರೋಲ್ ನಾಲ್ಕು ಟ್ಯಾಂಕ್ ಹಾಕಿಸಿದೆ. ಜೇಬಿಗೆ ಗೊತ್ತಾಯಿತು, ಡೈರಿಗೆ ಗೊತ್ತಾಗಲಿಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಎಸ್ ಹುಡುಕುವವರು ಈಗಲೂ ಇದ್ದಾರೆ. ನೋಡಲು ಹೋದಾಗ ಪರದೆಯಲ್ಲಿ ಸರಾಸರಿ ಎಷ್ಟಿದೆ ಅಂತ ಒಮ್ಮೆ ಕಣ್ಣು ಹಾಯಿಸಿ. 11 ಇದ್ದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಂದ ಕಾರು, ಕ್ಲಚ್ ನೋಡಿಸಿ. 16 ಇದ್ದರೆ ಹೆದ್ದಾರಿ ಓಡಿದ ಕಾರು, ಮಾತಾಡಬಹುದು. 21 ಇದ್ದರೆ ಮಾಲೀಕರು ಬೆಳಿಗ್ಗೆ ಯಾವುದೋ ಇಳಿಜಾರಿನಲ್ಲಿ ರೀಸೆಟ್ ಮಾಡಿಕೊಂಡು ಬಂದಿದ್ದಾರೆ.