ಡಾರ್ಟ್ಸ್ ಆಡಲು ಯಾವ ಬಾರ್? ಎರಡೂ ಕಡೆ ಆಡಿ ನೋಡಿದೆ

ಆರು ತಿಂಗಳಿಂದ ಎರಡು ಬಾರ್‌ಗಳಲ್ಲಿ ಡಾರ್ಟ್ಸ್ ಆಡುತ್ತಿದ್ದೇನೆ. ಒಂದರಲ್ಲಿ ಬೋರ್ಡ್ ಮೂಲೆಯಲ್ಲಿದೆ. ಬಂದವರು ಹರಟುತ್ತಾ ಸುಮ್ನೆ ನಾಲ್ಕು ಸಲ ಎಸೆದು ಹೋಗುತ್ತಾರೆ. ಇನ್ನೊಂದರಲ್ಲಿ ವಾರ ವಾರ ಲೀಗ್ ನಡೆಯುತ್ತದೆ.

ಮೊದಲನೆಯದರಲ್ಲಿ ಕೊಡುವ ಡಾರ್ಟ್‌ಗಳೇ ದೊಡ್ಡ ತಲೆನೋವು. ರೆಕ್ಕೆ ಹರಿದಿರುತ್ತದೆ, ಮೂರೂ ಬೇರೆ ಬೇರೆ ತೂಕ. ಒಂದು ದಿನ ಟೇಪ್ ಹಿಡಿದು ಅಳೆದೆ. ಬೋರ್ಡ್‌ನಿಂದ ನಾವು ನಿಂತು ಎಸೆಯುವ ಗೆರೆಗೆ 2.37 ಮೀಟರ್ ಇರಬೇಕು, ಬೋರ್ಡ್‌ನ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು. ಎತ್ತರ ಸರಿ ಇತ್ತು, ಗೆರೆ ಮಾತ್ರ ಒಂದು ಗೇಣು ಮುಂದಿತ್ತು! ಅಲ್ಲಿ ಕೂತ ಗುರಿ ಬೇರೆ ಕಡೆ ಕೈಕೊಡುತ್ತದೆ. ಆದರೂ ಹೊಸಬರನ್ನು ಕರೆದುಕೊಂಡು ಹೋಗಲು ಇದೇ ಒಳ್ಳೆಯದು. ಡಾರ್ಟ್ ಗೋಡೆಗೆ ಬಿದ್ದರೂ ಯಾರೂ ತಿರುಗಿ ನೋಡುವುದಿಲ್ಲ.

ಲೀಗ್ ಬಾರ್‌ನಲ್ಲಿ ಹಾಗಲ್ಲ. ನನ್ನ ಗೆಳತಿ ಮೊದಲ ದಿನವೇ ಗುರಿ ತಪ್ಪಿದಾಗ ಹಿಂದೆ ಯಾರೋ ‘ಚೆ’ ಅಂದರು. ಅವಳು ಮತ್ತೆ ಅಲ್ಲಿಗೆ ಬರಲೇ ಇಲ್ಲ. ನನಗೆ ಅದು ಇವತ್ತಿಗೂ ಬೇಸರ. ಸೋತರೆ ಮತ್ತೆ ಸರದಿ ಬರುವವರೆಗೆ ಕಾಯಬೇಕು, ಅದೂ ಇದೆ.

ಆದರೆ ಆಟದ ಜೀವ ಇರುವುದು ಅಲ್ಲೇ. ಹೊಡೆದ ಅಂಕಗಳನ್ನು 501ರಿಂದ ಕಳೆಯುತ್ತಾ ಬಂದು, ಕೊನೆಯ ಡಾರ್ಟ್ ಡಬಲ್‌ಗೇ, ಅಂದರೆ ಅಂಕ ಎರಡರಷ್ಟಾಗುವ ಹೊರ ಅಂಚಿನ ತೆಳು ಪಟ್ಟಿಗೇ, ಬಿದ್ದು ಸರಿಯಾಗಿ ಸೊನ್ನೆಯಾಗಬೇಕು. ಮೂಲೆಯ ಬೋರ್ಡ್‌ನಲ್ಲಿ ಡಬಲ್ ಯಾರಿಗೂ ಬೇಡ, ಹೇಗೋ ಸೊನ್ನೆ ಆದರೆ ಸಾಕು. ಲೀಗ್ ಬಾರ್‌ನಲ್ಲಿ ಮುಂದಿನ ಆಟಕ್ಕೆ ಕಾಯುವವರೇ ಲೆಕ್ಕ ಬರೆಯಬೇಕು. ಬೋರ್ಡ್ ಪಕ್ಕ ನಿಂತು ಬರೆದೂ ಬರೆದೂ ಕಳೆಯುವ ಲೆಕ್ಕ ನನಗೆ ಬಾಯಿಗೆ ಬಂತು.

ಒಂದು ರಾತ್ರಿ ನನಗೆ 52 ಉಳಿದಿತ್ತು. 12 ಹೊಡೆದು 40ಕ್ಕೆ ಇಳಿಸಿದೆ. ಆಟ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, “20 ಹೊಡೆದು 32 ಉಳಿಸ್ಕೋಬೇಕಿತ್ತಪ್ಪ” ಅಂದರು. ಯಾಕೆ ಅಂತ ಬೋರ್ಡ್ ಮುಂದೆ ನಿಲ್ಲಿಸಿ ತೋರಿಸಿದರು. 32ಕ್ಕೆ ಡಬಲ್ 16 ಬೇಕು. ತಪ್ಪಿ ಬರೀ 16ಕ್ಕೆ ಬಿದ್ದರೆ 16 ಉಳಿಯುತ್ತದೆ, ಅದಕ್ಕೆ ಡಬಲ್ 8 ಇದೆ. ಆಮೇಲೆ ಡಬಲ್ 4, ಡಬಲ್ 2, ಡಬಲ್ 1. ಕೊನೆಯವರೆಗೂ ದಾರಿ ತೆರೆದೇ ಇರುತ್ತದೆ. 40 ಆದರೆ 20, 10, ಆಮೇಲೆ 5. ಬೆಸ ಸಂಖ್ಯೆ ಬಂತು ಅಂದ್ರೆ ಸರಿಮಾಡಿಕೊಳ್ಳಲು ಇನ್ನೊಂದು ಡಾರ್ಟ್ ಖರ್ಚು. ಇಂಥದ್ದನ್ನು ಮೊದಲ ಬಾರ್‌ನಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ನನ್ನ ಆಯ್ಕೆ ಲೀಗ್ ಬಾರ್. ಗೆಳತಿಯ ಜೊತೆ ಆಡಬೇಕೆನಿಸಿದಾಗ ಮೂಲೆಯ ಬೋರ್ಡ್‌ಗೆ ಹೋಗುತ್ತೇನೆ, ನನ್ನದೇ ಡಾರ್ಟ್ ಜೇಬಲ್ಲಿಟ್ಟುಕೊಂಡು. ಅಲ್ಲಿ ನಾವಿಬ್ಬರೂ ಗೆರೆಯಿಂದ ಒಂದು ಗೇಣು ಹಿಂದೆ ನಿಂತೇ ಎಸೆಯುತ್ತೇವೆ.