ಬ್ರೇಕ್ ಸದ್ದಿಗೆ ಸೆರಾಮಿಕ್ ಗ್ರೀಸ್: ಎರಡು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಒಂದು ಕೊಡುತ್ತಿದ್ದೆ. ಅದು ಅನ್ಯಾಯವಾಗುತ್ತಿತ್ತು.

ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ನಾನೇ ಬದಲಾಯಿಸಿದ್ದು. ಟ್ಯೂಬಿನ ಮೇಲೆ ‘ಸದ್ದು ನಿಲ್ಲುತ್ತದೆ’ ಅಂತ ದಪ್ಪ ಅಕ್ಷರ ನೋಡಿ ಪ್ಯಾಡಿನ ಬೆನ್ನಿಗೆ ಧಾರಾಳವಾಗಿ ಬಳಿದೆ. ಪ್ಯಾಡ್ ಜೊತೆ ಬಂದಿದ್ದ ಶಿಮ್ ತಗಡುಗಳನ್ನು, ಗ್ರೀಸ್ ಇದೆಯಲ್ಲ ಅಂತ, ಡಬ್ಬಿಯಲ್ಲೇ ಬಿಟ್ಟೆ. ಮೂರು ವಾರ ಸದ್ದಿಲ್ಲ. ನಾಲ್ಕನೇ ವಾರ, ಕಾರು ನಿಧಾನವಾಗಿ ನಿಲ್ಲುವಾಗ ಕಿಯ್ಯೋ ಅಂತ ಶುರುವಾಯಿತು. ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು.

ಬೈಯುವ ಮೊದಲು ಚಕ್ರ ಬಿಚ್ಚಿದ್ದು ಒಳ್ಳೆಯದಾಯಿತು. ಪ್ಯಾಡಿನ ಎರಡು ಕಿವಿಗಳು ಕೂರುವ ಸ್ಟೀಲ್ ಕ್ಲಿಪ್‌ಗಳ ಕೆಳಗೆ ತುಕ್ಕು ಗಟ್ಟಿಯಾಗಿತ್ತು. ಅದು ಕ್ಲಿಪ್ಪನ್ನು ಮೇಲಕ್ಕೆತ್ತಿ ಪ್ಯಾಡನ್ನು ಹಿಡಿದುಬಿಟ್ಟಿತ್ತು. ಪೆಡಲ್ ಬಿಟ್ಟರೂ ಪ್ಯಾಡ್ ಸಡಿಲವಾಗದೆ ಡಿಸ್ಕನ್ನು ಸವರುತ್ತಲೇ ಇತ್ತು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಅತ್ತಿತ್ತ ಜಾರುವುದು ಸ್ಲೈಡ್ ಪಿನ್‌ಗಳ ಮೇಲೆ; ಕೆಳಗಿನ ಪಿನ್ ಅಂತೂ ಕೈಯಲ್ಲಿ ಎಳೆದರೆ ಬರಲೇ ಇಲ್ಲ.

ಈ ಸದ್ದು ಅಂದರೆ ನಡುಕ. ಪ್ಯಾಡ್ ಡಿಸ್ಕಿಗೆ ಹಿಡಿದು ಜಾರಿ, ಮತ್ತೆ ಹಿಡಿದು ಜಾರಿ, ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದ ಹಾಗೆ. ಆ ನಡುಕವನ್ನು ತಗ್ಗಿಸುವುದು ಗ್ರೀಸ್ ಮತ್ತು ಶಿಮ್‌ನ ಕೆಲಸ. ಪ್ಯಾಡೇ ಸಿಕ್ಕಿಹಾಕಿಕೊಂಡಿದ್ದರೆ ಗ್ರೀಸ್ ಏನು ಮಾಡೀತು?

ಎರಡನೇ ಸಲ ಅವಸರ ಮಾಡಲಿಲ್ಲ. ಕ್ಲಿಪ್ ತೆಗೆದು, ಕೆಳಗಿನ ಜಾಗವನ್ನು ಲೋಹ ಕಾಣುವ ತನಕ ವೈರ್ ಬ್ರಷ್‌ನಲ್ಲಿ ಉಜ್ಜಿದೆ. ಹೊಸ ಕ್ಲಿಪ್ ಹಾಕಿದೆ. ಪಿನ್‌ಗಳನ್ನು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಅಲ್ಲಿ ಬೇಡ, ಪಿನ್ನಿಗೆ ಹೊದಿಸಿರುವ ರಬ್ಬರ್ ಬೂಟು ಉಬ್ಬಿಹೋಗುತ್ತದೆ. ಉಜ್ಜಿ ಉಜ್ಜಿ ಕನ್ನಡಿಯಾಗಿದ್ದ ಪ್ಯಾಡಿನ ಮುಖವನ್ನೂ ಡಿಸ್ಕನ್ನೂ ಉಪ್ಪುಕಾಗದದಲ್ಲಿ ಅಡ್ಡಾದಿಡ್ಡಿ ತೀಡಿ, ಬ್ರೇಕ್ ಕ್ಲೀನರ್‌ನಿಂದ ತೊಳೆದೆ. ಶಿಮ್ ಕೂರಿಸಿದೆ. ಸೆರಾಮಿಕ್ ಗ್ರೀಸ್ ತೆಳುವಾಗಿ ಮೂರೇ ಕಡೆ: ಪ್ಯಾಡನ್ನು ತಳ್ಳುವ ಪಿಸ್ಟನ್ ತಾಗುವಲ್ಲಿ, ಕ್ಯಾಲಿಪರ್‌ನ ಬೆರಳುಗಳು ತಾಗುವಲ್ಲಿ, ಪ್ಯಾಡಿನ ಕಿವಿಗಳಿಗೆ. ಡಿಸ್ಕಿಗೆ ಉಜ್ಜುವ ಮುಖಕ್ಕೆ ಅಪ್ಪಿತಪ್ಪಿಯೂ ತಾಗಬಾರದು. ಬ್ರೇಕೇ ಹಿಡಿಯುವುದಿಲ್ಲ.

ಪ್ಯಾಡ್ ಕೂರಿಸಲು ಪಿಸ್ಟನ್ ಹಿಂದಕ್ಕೆ ಒತ್ತಿರುತ್ತೀರಲ್ಲ, ಮೊದಲ ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಕಾರು ಕದಲಿಸುವ ಮೊದಲು ಅದು ಗಟ್ಟಿಯಾಗುವ ತನಕ ತುಳಿಯಿರಿ. ಆಮೇಲೆ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ, ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸುತ್ತಾ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಹದವಾಗಿ ಬ್ರೇಕ್ ಒತ್ತಿದೆ. ಕೊನೆಗೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿದೆ.

ಅಲ್ಲಿಂದ 26,000 ಕಿ.ಮೀ. ಸದ್ದಿಲ್ಲ. ಮಳೆಯ ಮರುದಿನ ಬೆಳಿಗ್ಗೆ ಎರಡು ಮೂರು ಸಲ ಕರಕರ ಅನ್ನುತ್ತದೆ. ಅದು ಡಿಸ್ಕ್ ಮೇಲಿನ ತೆಳು ತುಕ್ಕು, ತಾನೇ ಹೋಗುತ್ತದೆ. ಅದಕ್ಕೆಲ್ಲ ಗ್ರೀಸ್ ಹಚ್ಚಲು ಹೋಗಬೇಡಿ.

ದೂರು ಮೂರಿವೆ. ಈ ಎರಡು ವರ್ಷದ ನಡುವೆ ಒಮ್ಮೆ ಬಿಚ್ಚಿ ನೋಡಿದಾಗ ಪ್ಯಾಡಿನ ಬೆನ್ನಲ್ಲಿ ಗ್ರೀಸ್ ಹಾಗೇ ಇತ್ತು. ಕಿವಿಗಳ ಹತ್ತಿರ ಮಾತ್ರ ಧೂಳು ಹಿಡಿದು ಕಪ್ಪು ಅಂಟಾಗಿತ್ತು. ಒರೆಸಿ ಮತ್ತೆ ಹಚ್ಚಬೇಕಾಯಿತು. ಪಿನ್‌ಗೂ ಆಗುತ್ತದೆ ಅಂತ ಟ್ಯೂಬಿನ ಮೇಲಿದೆ, ನನಗದು ತೀರಾ ಗಟ್ಟಿ ಅನ್ನಿಸಿತು. ಬ್ರಷ್ ಕೂಡ ಕೊಟ್ಟಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷೇ ಗತಿ.

ಹೋದ ವಾರ ಮತ್ತೆ ಕೀರಲು ಸದ್ದು. ಈ ಸಲ ಬ್ರೇಕ್ ಒತ್ತದಿದ್ದಾಗಲೂ ಬರುತ್ತಿತ್ತು. ನೋಡಿದರೆ ಪ್ಯಾಡ್ ಸವೆದು 2–3 ಮಿ.ಮೀ. ಉಳಿದಿದೆ, ಸವೆತ ತಿಳಿಸುವ ಸ್ಟೀಲ್ ಪಟ್ಟಿ ಡಿಸ್ಕಿಗೆ ತಾಗುತ್ತಿದೆ. ಹೊಸ ಪ್ಯಾಡ್, ಹೊಸ ಕ್ಲಿಪ್ ತಂದಿಟ್ಟಿದ್ದೇನೆ. ಗ್ರೀಸ್ ತರಲಿಲ್ಲ. ಟ್ಯೂಬಿನಲ್ಲಿ ಇನ್ನೂ ಅರ್ಧ ಇದೆ.