ಬೆನ್ನ ಮೇಲಿನ ಬುತ್ತಿ: ಪೊಟ್ಟಣವೋ, ರೊಟ್ಟಿಯೋ, ಒಣಗಿಸಿದ ಖಿಚಡಿಯೋ?

ನಮ್ಮ ದಾವಣಗೆರೆಯಿಂದ ಹಿಮಾಲಯದ ಕಡೆ ನಡೆಯೋಕೆ ಹೊರಡುವವರು ಶೂ ಬಗ್ಗೆ ತಿಂಗಳುಗಟ್ಟಲೆ ಮಾತಾಡುತ್ತಾರೆ. ಯಾವ ಜಾಕೆಟ್ಟು, ಯಾವ ಕೋಲು, ಬ್ಯಾಗು 50 ಲೀಟರಿನದೋ 60ರದೋ ಅಂತ ವಾದವೋ ವಾದ. ಊಟದ ವಿಷಯಕ್ಕೆ ಬಂದರೆ ಮಾತ್ರ ರೈಲು ಹತ್ತುವ ಹಿಂದಿನ ಸಂಜೆ ಮಂಡಿಪೇಟೆಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತುಂಬಿಕೊಂಡು ಬರುತ್ತಾರೆ. ಅಂಗಡಿ ಮುಂಗಟ್ಟು ಏನೂ ಇಲ್ಲದ ದಾರಿಯಲ್ಲಿ ದಿನಗಟ್ಟಲೆ ನಡೆಯುವಾಗ ಬೆನ್ನ ಮೇಲೆ ಹೆಚ್ಚು ಭಾರ ಹಾಕುವ ಸಾಮಾನುಗಳಲ್ಲಿ ಈ ಬುತ್ತಿಯೂ ಒಂದು.

ಲೆಕ್ಕ ಸರಳ. ಹೊರೆ ಹೊತ್ತು ಏರು ಹತ್ತುವವರಿಗೆ ದಿನಕ್ಕೆ 2,500ರಿಂದ 3,000 ಕ್ಯಾಲರಿಯಾದರೂ ಬೇಕು. ಒಣ ಪದಾರ್ಥದಲ್ಲಿ ಅದು ತಲೆಗೆ 600ರಿಂದ 700 ಗ್ರಾಂ. ಆರು ದಿನಕ್ಕೆ ನಾಲ್ಕು ಕೆಜಿಯ ಆಸುಪಾಸು. ಅದೇ ಊಟವನ್ನು ನೀರಿನಂಶ ಇರುವ ರೂಪದಲ್ಲಿ ಹೊತ್ತರೆ ತೂಕ ಎರಡು ಪಟ್ಟು ದಾಟುತ್ತದೆ. ಕಂಪನಿಯವರ ಪ್ಯಾಕೇಜಿನಲ್ಲಿ ಹೋಗುವವರಿಗೆ ಈ ತಲೆನೋವಿಲ್ಲ. ಅಡುಗೆಯವರು, ಹೇಸರಗತ್ತೆ, ಗ್ಯಾಸು ಎಲ್ಲ ಅವರದೇ. ಸ್ವಂತ ಬ್ಯಾಗು ಸ್ವಂತ ಬೆನ್ನು ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಹೊರೆಯ ಅಭ್ಯಾಸಕ್ಕೆ ನಮಗೆ ಚಿತ್ರದುರ್ಗ ಇದೆ. ಬ್ಯಾಗಿಗೆ ಅಕ್ಕಿ ಮೂಟೆ ಇಟ್ಟುಕೊಂಡು ಕೋಟೆಯ ಮೆಟ್ಟಿಲು ಹತ್ತಿ ಇಳಿದರೆ ಮೊಣಕಾಲು ಎಷ್ಟು ಕೆಜಿಗೆ ತಕರಾರು ತೆಗೆಯುತ್ತದೆ ಅಂತ ಗೊತ್ತಾಗುತ್ತದೆ. ಜೋಗಿಮಟ್ಟಿ ರಸ್ತೆ ಉದ್ದನೆಯ ನಡಿಗೆಗೆ ಒಳ್ಳೆಯದು. ಆದರೆ ಅಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಅದು ವನ್ಯಜೀವಿ ಧಾಮ. ಜೊತೆಗೆ ಬೇಸಿಗೆಯಲ್ಲಿ ಬೆಟ್ಟದ ತುಂಬ ಒಣಗಿ ನಿಂತ ಬಾದೆ ಹುಲ್ಲಿಗೆ ಒಂದು ಕಿಡಿ ಸಾಕು. ಕುಮಾರ ಪರ್ವತಕ್ಕೆ ಹೋಗೋಣವೆಂದರೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ಶಿಖರದ ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ. ಹಾಗಾಗಿ ಒಲೆ, ಅಡುಗೆಯ ಪ್ರಯೋಗ ಮನೆಯ ಮಾಳಿಗೆ ಮೇಲೆ ಮತ್ತು ಚನ್ನಗಿರಿ ಕಡೆಯ ಗೆಳೆಯರೊಬ್ಬರ ಅಡಿಕೆ ತೋಟದಲ್ಲಿ. ನಿಜವಾದ ಪರೀಕ್ಷೆ ಉತ್ತರಾಖಂಡದ ಹರ್ ಕಿ ದೂನ್ ದಾರಿಯಲ್ಲಿ. ಸಾಂಕ್ರಿ ಊರಿಂದ ಶುರುವಾಗಿ, ಗೋವಿಂದ ವನ್ಯಜೀವಿ ಧಾಮದೊಳಗೆ ಗಂಗಾಡ್, ಓಸ್ಲಾ ಹಳ್ಳಿಗಳನ್ನು ದಾಟಿ, 3,500 ಮೀಟರಿನಷ್ಟು ಎತ್ತರದ ಕಣಿವೆಗೆ ಹೋಗುವ ದಾರಿ ಅದು. ಎದುರಿಗೆ ಸ್ವರ್ಗಾರೋಹಿಣಿ ಶಿಖರ. ಪಾಂಡವರು ಸ್ವರ್ಗಕ್ಕೆ ನಡೆದದ್ದು ಇದೇ ದಾರಿಯಲ್ಲಿ ಅಂತ ಅಲ್ಲಿನವರು ಹೇಳುತ್ತಾರೆ. ಅವರು ಬುತ್ತಿಗೆ ಏನು ಕಟ್ಟಿಕೊಂಡಿದ್ದರೋ ಯಾರೂ ಹೇಳುವುದಿಲ್ಲ.

ಮೊದಲು ಪೊಟ್ಟಣಗಳು. ಇವುಗಳಲ್ಲಿ ಎರಡು ಜಾತಿ, ಅಂಗಡಿಯಲ್ಲಿ ಮಾತ್ರ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ. ಒಂದು, ಬೇಯಿಸಿ ಮೊಹರು ಮಾಡಿದ ಹಸಿ ಪೊಟ್ಟಣ: ದಾಲ್, ರಾಜ್ಮಾ, ಪಲಾವ್. ಬಿಸಿನೀರಲ್ಲಿ ಮುಳುಗಿಸಿ ಕತ್ತರಿಸಿದರೆ ಊಟ. ಸೈನಿಕರಿಗಾಗಿ ಇಂಥ ಊಟದ ತಂತ್ರಜ್ಞಾನ ಬೆಳೆಸಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ 1961ರಲ್ಲಿ ಶುರುವಾದದ್ದು. ರುಚಿ ಪರವಾಗಿಲ್ಲ, ಕೆಡುವ ಭಯವಿಲ್ಲ. ಆದರೆ ಒಂದೊಂದೂ 300 ಗ್ರಾಂ ಹತ್ತಿರ, ಅದರಲ್ಲಿ ಬಹುಪಾಲು ನೀರು. ಹಳ್ಳ ತೊರೆ ಪಕ್ಕದಲ್ಲೇ ಹರಿಯುತ್ತಿರುವಾಗ ನೀರನ್ನು ದಾವಣಗೆರೆಯಿಂದ ಹೊತ್ತುಕೊಂಡು ಹೋಗುವ ಕೆಲಸ ನನಗೆ ಒಪ್ಪಿಗೆಯಾಗಲಿಲ್ಲ. ಎರಡನೆಯದು, ಬಿಸಿನೀರು ಹುಯ್ದು ಮುಚ್ಚಿಡುವ ಒಣ ಪೊಟ್ಟಣ: ಉಪ್ಪಿಟ್ಟು, ಪೋಹಾ, ಖಿಚಡಿ. ಹಗುರ. ಎಂಟು ಹತ್ತು ನಿಮಿಷದಲ್ಲಿ ಆಗುತ್ತದೆ. ಬೆಲೆ ಜಾಸ್ತಿ, ಉಪ್ಪು ಇನ್ನೂ ಜಾಸ್ತಿ, ಪ್ರಮಾಣ ಮಕ್ಕಳಿಗೆ ಬಡಿಸಿದಷ್ಟು. ಎರಡರದೂ ಒಂದು ಸಮಾನ ಕಾಟ ಕಸ. ಎಣ್ಣೆ ಹಿಡಿದ ಬೆಳ್ಳಿ ಹಾಳೆಗಳನ್ನು ಮಡಿಚಿ ಮಡಿಚಿ ವಾಪಸ್ ಹೊತ್ತು ತರಬೇಕು. ಕಾಡಲ್ಲಿ ಬಿಡುವ ಹಾಗಿಲ್ಲ, ಸುಡುವ ಹಾಗೂ ಇಲ್ಲ.

ಇನ್ನು ನಮ್ಮ ಕಡೆಯ ಬುತ್ತಿ. ಊರಿನ ಅಭಿಮಾನಕ್ಕೆ ಮಂಡಕ್ಕಿಯಿಂದಲೇ ಶುರು ಮಾಡಬೇಕು, ಶುರುವಿನಲ್ಲೇ ಬಿಡಲೂಬೇಕು. ಭಟ್ಟಿಯಿಂದ ಗರಿಗರಿಯಾಗಿ ಬಂದ ಮಂಡಕ್ಕಿ ಒಂದು ಕೆಜಿ ತಂದರೆ ಬ್ಯಾಗು ಪೂರ್ತಿ ಅದಕ್ಕೇ ಹೋಯಿತು. ಮಂಜು ಬಿದ್ದ ಮೇಲೆ ಮೆತ್ತಗಾಗಿ ಹತ್ತಿಯ ಹಾಗೆ ಬಾಯಿಗೆ ಅಂಟುತ್ತದೆ. ಒಗ್ಗರಣೆ ಹಾಕಿ, ಶೇಂಗಾ, ಪುಟಾಣಿ ಕಲೆಸಿ ರೈಲಿನಲ್ಲಿ ಮುಗಿಸಿಬಿಡಿ. ಆ ಎರಡು ದಿನಕ್ಕೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಅವಲಕ್ಕಿ ಮಂಡಕ್ಕಿಯ ದಾಯಾದಿಯಾದರೂ ಸ್ವಭಾವ ಪೂರಾ ಬೇರೆ. 100 ಗ್ರಾಮಿಗೆ 350 ಕ್ಯಾಲರಿಯ ಹತ್ತಿರ, ಒಂದು ಹಿಡಿ ಜಾಗ, ಬೇಯಿಸುವ ಗೊಡವೆಯಿಲ್ಲ. ನಾನು ಮಧ್ಯಮ ಅವಲಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಸಾಸಿವೆ ಕರಿಬೇವಿನ ಒಗ್ಗರಣೆ, ಹುಣಸೆ ಗೊಜ್ಜಿನ ಪುಡಿ, ಬೆಲ್ಲದ ಪುಡಿ, ಹುರಿದ ಶೇಂಗಾ ಸೇರಿಸಿ ಒಂದೊಂದು ಹೊತ್ತಿಗೆ ಒಂದೊಂದು ಜಿಪ್ ಕವರು ಮಾಡಿಟ್ಟುಕೊಳ್ಳುತ್ತೇನೆ. ಬೆಳಗ್ಗೆ ಕೈ ಮರಗಟ್ಟಿರುವಾಗ ಮಗ್ಗಿಗೆ ಸುರಿದು, ಅವಲಕ್ಕಿ ಮುಳುಗುವಷ್ಟೇ ಬಿಸಿನೀರು ಹಾಕಿ, ಮೇಲೆ ತಟ್ಟೆ ಮುಚ್ಚಿ, ಟೋಪಿಯಲ್ಲಿ ಸುತ್ತಿಟ್ಟರೆ ಶೂ ಲೇಸು ಕಟ್ಟಿ ಮುಗಿಯುವಷ್ಟರಲ್ಲಿ ತಿಂಡಿ ಸಿದ್ಧ. ನೀರು ಒಂದು ಬೆರಳು ಹೆಚ್ಚಾದರೆ ಗಂಜಿ. ಗಂಜಿಯಾದರೂ ಆ ಚಳಿಯಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಖಡಕ್ ರೊಟ್ಟಿ ಬಗ್ಗೆ ನನಗೆ ಬಹಳ ಭರವಸೆ ಇತ್ತು. ತಿಂಗಳು ಇಟ್ಟರೂ ಕೆಡುವುದಿಲ್ಲ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಜೊತೆಗಿದ್ದರೆ ಒಲೆ ಹಚ್ಚದೆ ಮಧ್ಯಾಹ್ನದ ಊಟ. ತೊಂದರೆ ಒಂದೇ, ಅದು ಖಡಕ್. ಬಟ್ಟೆಯ ನಡುವೆ ಇಟ್ಟರೂ ಎರಡನೇ ದಿನಕ್ಕೆ ನುಚ್ಚುನೂರು. ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ರೊಟ್ಟಿಗಿಂತ ಡಬ್ಬಿಯೇ ತೂಕ. ಕೊನೆಗೆ ನಾನು ಮನೆಯಲ್ಲೇ ಮುರಿದು ಚೀಲಕ್ಕೆ ತುಂಬುವುದನ್ನು ರೂಢಿ ಮಾಡಿಕೊಂಡೆ. ಆ ಚೂರಿಗೆ ಸ್ವಲ್ಪ ಬಿಸಿನೀರು ಚಿಮುಕಿಸಿ, ಗಟ್ಟಿಯಾಗಿ ಕೂತ ತುಪ್ಪ ಒಂದು ಚಮಚ, ಚಟ್ನಿಪುಡಿ, ಹಸಿ ಬೆಳ್ಳುಳ್ಳಿಯ ಎರಡು ಎಸಳು ಜಜ್ಜಿ ಕೈಯಲ್ಲಿ ನಾದಿದರೆ ಹೆಚ್ಚುಕಡಿಮೆ ಮುಟಗಿಯೇ ಆಗುತ್ತದೆ. ತುಪ್ಪ 100 ಗ್ರಾಮಿಗೆ 900 ಕ್ಯಾಲರಿಯ ಹತ್ತಿರ, ಶೇಂಗಾ 550ರ ಮೇಲೆ. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಬೇಕೆಂದರೆ ಇವೆರಡನ್ನು ಬಿಟ್ಟು ಬೇರೆ ಕಡೆ ಹುಡುಕಬೇಕಿಲ್ಲ. ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟಿರುವುದರಿಂದ ಸೋರುವ ಚಿಂತೆಯೂ ಇಲ್ಲ.

ರಾಗಿ ಹುರಿಹಿಟ್ಟು, ಅಂಟಿನುಂಡೆ, ಶೇಂಗಾ ಉಂಡೆ ನಡೆಯುವಾಗ ತಿನ್ನಲು. ಇವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಮುಗಿಯುತ್ತವೆ.

ಸಂಜೆಯ ಬಿಸಿ ಊಟಕ್ಕೆ ಮೊದಲು ಹಸಿ ಅಕ್ಕಿ, ಬೇಳೆ ಹೊತ್ತು ಹೋಗಿ ಬೇಯಿಸಿ ನೋಡಿದ್ದಾಯಿತು. ನಮ್ಮೂರಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ. 3,500 ಮೀಟರ್ ಎತ್ತರದಲ್ಲಿ 88ಕ್ಕೇ ಕುದಿ ಬಂದುಬಿಡುತ್ತದೆ, ಆಮೇಲೆ ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗದು. ತೊಗರಿಬೇಳೆ ಅಲ್ಲಿ ಕುಕ್ಕರ್ ಇಲ್ಲದೆ ಬೇಯುವ ಜಾಯಮಾನದ್ದೇ ಅಲ್ಲ. ಹೆಸರುಬೇಳೆ ನೆನೆಸಿಟ್ಟರೆ ದಾರಿಗೆ ಬರುತ್ತದೆ. ನಮ್ಮ ಚಿತ್ರದುರ್ಗ ಸೀಮೆಯ ನವಣೆ ಅಕ್ಕಿಯೂ ಬೆಂದಿತು, ಆದರೆ ಗ್ಯಾಸು ಕರಗುವುದನ್ನು ನೋಡುತ್ತ ಕೂತವರಿಗೆ ರುಚಿ ಹತ್ತಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ಪರಿಹಾರ ದಾವಣಗೆರೆಯ ಬಿಸಿಲು. ಏಪ್ರಿಲಿನಲ್ಲಿ ಅಕ್ಕಿ, ಹೆಸರುಬೇಳೆಯನ್ನು ಕುಕ್ಕರಿನಲ್ಲಿ ಉದುರುದುರಾಗಿ ಬೇಯಿಸಿ, ಅರಿಶಿನ, ಜೀರಿಗೆ, ಉಪ್ಪು ಹಾಕಿ, ಎಣ್ಣೆ ತುಪ್ಪ ಸೋಕಿಸದೆ, ಮಾಳಿಗೆ ಮೇಲೆ ತೊಳೆದ ಪಂಚೆಯ ಮೇಲೆ ತೆಳ್ಳಗೆ ಹರಡುವುದು. ಮೇಲೊಂದು ತೆಳು ಬಟ್ಟೆ. ಜೊತೆಗೆ ತುರಿದ ಗಜ್ಜರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ ಬೇರೆ ಬೇರೆ. ಅವ್ವ ಮಾಳಿಗೆಗೆ ಬಂದು ನೋಡಿ, "ಅಲ್ಲಪ್ಪ, ಸಂಡಿಗೆ ಒಣಗಿಸ್ತಾರೆ, ಹಪ್ಪಳ ಒಣಗಿಸ್ತಾರೆ, ಮಾಡಿದ ಊಟನೇ ಒಣಗಿಸ್ತಾರೇನೋ?" ಅಂದಳು. ಬೆಳಗ್ಗೆ ಬಿಸಿಬಿಸಿ ಇರುವಾಗಲೇ ಹರಡಬೇಕು. ಸಂಜೆ ಕೈಯಲ್ಲಿ ಹಿಡಿದರೆ ಕಲ್ಲುಸಕ್ಕರೆಯಂತೆ ಗಟಗಟ ಸದ್ದು ಬರಬೇಕು. ಮೆತ್ತಗಿದ್ದರೆ ಎಸೆಯಿರಿ. ಬೆಂದ ಅನ್ನ ಅರೆಒಣಗಿ ಬೆಚ್ಚಗೆ ಕೂತರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮರುದಿನದ ಬಿಸಿಲು ಆ ವಿಷವನ್ನು ತೆಗೆಯುವುದಿಲ್ಲ. ಚೆನ್ನಾಗಿ ಒಣಗಿದ ಖಿಚಡಿ ಕುದಿಯುವ ನೀರು ಬಿದ್ದ ಮೇಲೆ ಒಂದೆರಡು ನಿಮಿಷ ಒಲೆಯ ಮೇಲೆ, ಹದಿನೈದು ಇಪ್ಪತ್ತು ನಿಮಿಷ ಬಟ್ಟೆಯೊಳಗೆ ಸುತ್ತಿಟ್ಟರೆ ಮತ್ತೆ ಊಟವಾಗುತ್ತದೆ. ತುಪ್ಪ ಆಗ ಹಾಕಿಕೊಳ್ಳಿ. ಅಂಗಡಿಯ ಒಣ ಪೊಟ್ಟಣದಷ್ಟೇ ಹಗುರ, ಖರ್ಚು ಅದರ ಹತ್ತಿರಕ್ಕೂ ಬರದು, ಖಾರ ನಮ್ಮ ನಾಲಿಗೆಯ ಅಳತೆಯದು. ಈ ಹೋಲಿಕೆಯಲ್ಲಿ ನನ್ನ ಮಟ್ಟಿಗೆ ಗೆದ್ದದ್ದು ಇದೇ. ಮಳೆಗಾಲದಲ್ಲಿ ಮಾತ್ರ ಈ ಯೋಚನೆ ಬೇಡ.

ಒಲೆಯ ವಿಷಯದಲ್ಲಿ ತಪ್ಪು ಆಯ್ಕೆ ಊಟವನ್ನೇ ತಪ್ಪಿಸುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಉದ್ದ ಡಬ್ಬಿ ಪಕ್ಕಕ್ಕೆ ಸಿಕ್ಕಿಸುವ ಚೌಕದ ಒಲೆ ಅಡಿಕೆ ತೋಟದಲ್ಲಿ ಅದ್ಭುತವಾಗಿ ಉರಿಯಿತು. ಆ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಬ್ಯೂಟೇನ್. ಸೊನ್ನೆ ಡಿಗ್ರಿಯ ಸುತ್ತಮುತ್ತ ಅದು ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಡಬ್ಬಿ ಅಲುಗಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ, ಒಲೆಯಲ್ಲಿ ಉರಿ ಇಲ್ಲ. ತಿರುಪು ಹಾಕಿ ಕೂರಿಸುವ ಗಿಡ್ಡ ಡಬ್ಬಿಯಲ್ಲಿ ಸಾಮಾನ್ಯವಾಗಿ ಐಸೋಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣ ಇರುತ್ತದೆ. ಮೊದಲನೆಯದು ಮೈನಸ್ 11, ಎರಡನೆಯದು ಮೈನಸ್ 42 ಡಿಗ್ರಿವರೆಗೂ ಅನಿಲವಾಗುತ್ತದೆ. ರಾತ್ರಿ ಡಬ್ಬಿಯನ್ನು ಮಲಗುವ ಚೀಲದೊಳಗೆ ಇಟ್ಟುಕೊಂಡರೆ ಬೆಳಗಿನ ಚಹಾ ಇನ್ನೂ ಬೇಗ. ಬರೀ ನೀರು ಕಾಯಿಸುವ ಊಟವಾದರೆ ಲೀಟರಿಗೆ 10ರಿಂದ 15 ಗ್ರಾಂ ಸಾಕು, 230 ಗ್ರಾಮಿನ ಒಂದು ಡಬ್ಬಿ ಇಬ್ಬರಿಗೆ ನಾಲ್ಕು ದಿನ ಬರುತ್ತದೆ. ಸ್ಪಿರಿಟ್ ಒಲೆ ಹಗುರ, ಸದ್ದಿಲ್ಲ, ಕೆಡಲು ಅದರಲ್ಲಿ ಏನೂ ಇಲ್ಲ. ಆದರೆ ಅದೇ ಶಾಖಕ್ಕೆ ಗ್ಯಾಸಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಕದ ಇಂಧನ ಬೇಕು, ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ. ಸೀಮೆಎಣ್ಣೆಯ ಪಂಪ್ ಸ್ಟವ್ ಚಳಿಗೆ ಜಗ್ಗುವುದಿಲ್ಲ ನಿಜ, ಆದರೆ ಸೀಮೆಎಣ್ಣೆ ಎಲ್ಲಿದೆ? ಯಾವ ಒಲೆಯಾದರೂ ಟೆಂಟಿನ ಒಳಗೆ ಹಚ್ಚಬೇಡಿ. ಉರಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆಯಿಲ್ಲ.

ಇನ್ನೊಂದು ಮಾತು. ಒಲೆ ಇಲ್ಲಿಂದ ಒಯ್ಯಿರಿ, ಗ್ಯಾಸು ಒಯ್ಯಬೇಡಿ. ವಿಮಾನದಲ್ಲೂ ಬಿಡುವುದಿಲ್ಲ, ರೈಲಿನಲ್ಲೂ ಬಿಡುವುದಿಲ್ಲ. ರೈಲ್ವೆ ಕಾಯ್ದೆ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. "ಸಣ್ಣ ಡಬ್ಬಿ ಅಷ್ಟೇ ಬಿಡ್ರಿ" ಅನ್ನುವವರು 2023ರ ಆಗಸ್ಟಿನಲ್ಲಿ ಮದುರೆಯಲ್ಲಿ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತದ್ದನ್ನು ನೆನಪಿಸಿಕೊಳ್ಳಲಿ. ಅಲ್ಲಿ ಇದ್ದದ್ದೂ ಕದ್ದು ಒಯ್ದ ಸಿಲಿಂಡರೇ. ಗಿಡ್ಡ ಡಬ್ಬಿಗಳನ್ನು ಡೆಹ್ರಾಡೂನಿನಲ್ಲಿ ಕೊಂಡರೆ ಆಯಿತು.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ಹರ್ ಕಿ ದೂನಿನಂಥ ದಾರಿಯಲ್ಲಿ ಎಲ್ಲಕ್ಕಿಂತ ಹಗುರಾದ ಆಯ್ಕೆ ಬೇರೆಯೇ ಇದೆ: ಹಳ್ಳಿಯ ಮನೆಯ ಊಟ. ಗಂಗಾಡ್, ಓಸ್ಲಾಗಳಲ್ಲಿ ತಂಗುವ ರಾತ್ರಿ ಮನೆಯವರೇ ರಾಜ್ಮಾ ಅನ್ನ, ರೊಟ್ಟಿ ಹಾಕುತ್ತಾರೆ. ಅಲ್ಲಿನ ಹೊಲಗಳಲ್ಲಿ ಕೆಂಪು ತೆನೆ ಬಿಟ್ಟು ನಿಂತ ರಾಜಗಿರಿ ನೋಡುವುದೇ ಒಂದು ಚೆಂದ. ಓಸ್ಲಾ ದಾಟಿದ ಮೇಲಿನ ರಾತ್ರಿಗಳಿಗಷ್ಟೇ ಬುತ್ತಿ ಹೊತ್ತರೆ ಬ್ಯಾಗು ಅರ್ಧಕ್ಕರ್ಧ ಇಳಿಯುತ್ತದೆ, ದುಡ್ಡೂ ಊರವರ ಕೈಗೇ ಹೋಗುತ್ತದೆ. ಹಿಂದಿ ಅರ್ಧಂಬರ್ಧ ಬಂದರೂ ನಡೆಯುತ್ತದೆ. ಹಳ್ಳಿಗಳೇ ಇಲ್ಲದ ಕಣಿವೆಗಳಿಗೆ ಈ ಆಯ್ಕೆ ಇಲ್ಲ, ಅಲ್ಲಿಗೆ ಖಿಚಡಿಯೇ ಗತಿ. ಟೆಂಟು ಎಲ್ಲಿ ಹಾಕಬಹುದು ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ. ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿದೆ.

ನೀರಿನ ಬಗ್ಗೆ ಚಿಕ್ಕದಾಗಿ. ಕುದಿಸುವುದು ಖಾತ್ರಿ, ಆದರೆ ಗ್ಯಾಸು ತಿನ್ನುತ್ತದೆ. ಆ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕು. ಕ್ಲೋರಿನ್ ಮಾತ್ರೆಗೆ ಅರ್ಧ ಗಂಟೆ ಕಾಯಬೇಕು, ತಣ್ಣೀರಿಗೆ ಇನ್ನೂ ಹೆಚ್ಚು, ಜೊತೆಗೆ ಈಜುಕೊಳದ ವಾಸನೆ. ಹಿಂಡಿ ಕುಡಿಯುವ ಕೊಳವೆ ಫಿಲ್ಟರ್ ಮೂರರಲ್ಲೂ ಬೇಗ, ಆದರೆ ವೈರಸ್ ತಡೆಯುವುದಿಲ್ಲ, ಒಳಗಿನ ತೇವ ಒಂದು ರಾತ್ರಿ ಹೆಪ್ಪುಗಟ್ಟಿದರೆ ನೀರು ಸೋಸುವ ಎಳೆಗಳು ಸೀಳಿ ಕೆಲಸಕ್ಕೆ ಬಾರದಾಗುತ್ತದೆ, ಹೊರಗಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ನಾನು ಊರುಗಳ ಮೇಲ್ಭಾಗದ ತೊರೆಗೆ ಫಿಲ್ಟರ್, ಊರಿನ ಕೆಳಗಿನ ನೀರಿಗೆ ಮಾತ್ರೆ ಬಳಸುತ್ತೇನೆ. ರಾತ್ರಿ ಫಿಲ್ಟರೂ ಗ್ಯಾಸ್ ಡಬ್ಬಿಯ ಪಕ್ಕದಲ್ಲೇ ಮಲಗುವ ಚೀಲದೊಳಗೆ. ಇಬ್ಬರು ಮಲಗುವ ಟೆಂಟಾದರೆ ಅದು ಯಾರ ಚೀಲದೊಳಗೆ ಅನ್ನುವುದನ್ನು ಹಗಲಲ್ಲೇ ತೀರ್ಮಾನಿಸಿಕೊಳ್ಳಿ.